ಸಿಕ್ಸ್ ಸಿಗ್ಮಾ

ಸಿಗ್ಮಾ ಗ್ರೀಕ್ ವರ್ಣಮಾಲೆಯ ಅಕ್ಷರ. ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದನ್ನು ಹೇಳುವ ಮಾನಕ ವಿಚಲನೆಗೆ ಅದನ್ನು ಗುರುತಾಗಿಸಿದವರು ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್, 1890ರ ದಶಕದಲ್ಲಿ. ಅದಕ್ಕೆ ‘ಸಿಕ್ಸ್’ ಅಂಟಿಕೊಂಡಿದ್ದು 1986ರಲ್ಲಿ, ಅಮೆರಿಕದ ಮೊಟೊರೊಲಾ ಕಂಪನಿಯಲ್ಲಿ, ತಯಾರಿಕೆಯ ದೋಷಗಳನ್ನು ತಗ್ಗಿಸುವ ವಿಧಾನದ ಹೆಸರಾಗಿ, ಎಂಜಿನಿಯರ್ ಬಿಲ್ ಸ್ಮಿತ್ ಅವರಿಂದ.

ತಯಾರಾದ ವಸ್ತುವಿನ ಸರಾಸರಿ ಅಳತೆಗೂ ಒಪ್ಪಿತ ಮಿತಿಗೂ ನಡುವೆ ಆರು ಸಿಗ್ಮಾದಷ್ಟು ಜಾಗವಿರಬೇಕು. ಆಗ ತಪ್ಪು ನುಸುಳಬಹುದಾದ ಹತ್ತು ಲಕ್ಷ ಅವಕಾಶಗಳಿಗೆ ದೋಷ 3.4 ಮಾತ್ರ ಎನ್ನುತ್ತಾರೆ. ಸ್ವಾರಸ್ಯವಿರುವುದು ಇಲ್ಲೇ. ಶುದ್ಧ ಗಣಿತದಲ್ಲಿ ಆರು ಸಿಗ್ಮಾ ಎಂದರೆ ನೂರು ಕೋಟಿಗೆ ಸುಮಾರು ಎರಡು ದೋಷ. 3.4 ಬರುವುದು ನಾಲ್ಕೂವರೆ ಸಿಗ್ಮಾಕ್ಕೆ! ಉಪಕರಣ ಸವೆದು, ಸರಾಸರಿಯೇ ನಿಧಾನವಾಗಿ ಜರುಗುತ್ತದೆಂದು ಒಂದೂವರೆಯನ್ನು ಮೊದಲೇ ಕಳೆದಿರುತ್ತಾರೆ. ಎಲ್ಲ ಯಂತ್ರಗಳೂ ಅಷ್ಟೇ ಏಕೆ ಜರುಗಬೇಕು ಎಂಬ ಸಂಖ್ಯಾಶಾಸ್ತ್ರಜ್ಞರ ತಕರಾರು ನ್ಯಾಯವಾದದ್ದೇ.

1990ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಈ ಪದವನ್ನು ಮನೆಮಾತಾಗಿಸಿತು. ಕರಾಟೆಯ ‘ಬ್ಲ್ಯಾಕ್ ಬೆಲ್ಟ್’ ಕೂಡ ಕಾರ್ಖಾನೆಯ ಹುದ್ದೆಯಾಯಿತು.

ಬಳಸುವಾಗ ‘ಅವಕಾಶ’ದ ಮೇಲೆ ಕಣ್ಣಿಡಬೇಕು. 200 ಬೆಸುಗೆಗಳಿರುವ ಸರ್ಕ್ಯೂಟ್ ಬೋರ್ಡನ್ನು ಒಂದೇ ಅವಕಾಶವೆಂದೂ ಎಣಿಸಬಹುದು, 200 ಎಂದೂ ಎಣಿಸಬಹುದು. ಎರಡನೆಯ ಲೆಕ್ಕದಲ್ಲಿ, ಒಂದು ಬೆಸುಗೆಯನ್ನೂ ಸುಧಾರಿಸದೆ ಸಿಗ್ಮಾ ಮಟ್ಟ ಮೇಲೇರುತ್ತದೆ.