ಏಳುನೂರು ಹಾಲಿ ರೂಪಾಯಿಯ ಮನೆ

ಬ್ಲಾಗ್ ಕಡೆ ತಲೆ ಹಾಕದೆ ಬಹಳ ದಿನ ಆಯ್ತು. ನೆಪ ಇದೆ ಬಿಡಿ, ಭಾಲ್ಕಿಗೆ ಹೋಗಿದ್ದೆ. ಮುತ್ಯಾನ ಕಾಲದ ಮನೆಯ ಪಾಲು ಆಗಬೇಕಿತ್ತು. ಮನೆಯಲ್ಲಿ ಇರುವವನು ಅಣ್ಣ, ಊರು ಬಿಟ್ಟು ಬೆಂಗಳೂರು ಸೇರಿದವನು ನಾನು. ನನ್ನ ಪಾಲನ್ನು ಅಣ್ಣನೇ ತಗೋಬೇಕು, ಅದಕ್ಕೆ ಸಾಲ ಬೇಕು. ಬ್ಯಾಂಕಿನವರು ವ್ಯಾಲ್ಯುಯರ್ ವರದಿ ತನ್ನಿ ಅಂದರು.

ವ್ಯಾಲ್ಯುಯರ್ ಬಂದರು. ಮೂಲತಃ ಸಿವಿಲ್ ಇಂಜಿನಿಯರ್. ಟೇಪು ಹಿಡಿದು ಪಡಸಾಲೆ, ಅಡುಗೆಮನೆ, ದನ ಕಟ್ಟುವ ಜಾಗ ಎಲ್ಲ ಅಳೆದರು, ಗೋಡೆಗೆ ಬೆರಳು ಒತ್ತಿ ನೋಡಿದರು, ಫೋಟೋ ತೆಗೆದರು. ಆಮೇಲೆ "ಹಳೀ ಕಾಗದ ಏನರ ಅವ ಏನ್ರಿ?" ಅಂದರು. ಅಣ್ಣ ಟ್ರಂಕು ತೆರೆದ. ಮುತ್ಯಾ ಮನೆ ಕೊಂಡ ದಸ್ತಾವೇಜು ಸಿಕ್ಕಿತು, ಪೂರ್ತಿ ಉರ್ದುವಿನಲ್ಲಿ! ನಮ್ಮಿಬ್ಬರಿಗೂ ಒಂದಕ್ಷರ ಬರೋದಿಲ್ಲ. ಓಣಿಯ ನಿವೃತ್ತ ಉರ್ದು ಮಾಸ್ತರರು ಬಂದು ಓದಿ ಹೇಳಿದರು: ಸನ್ 1346 ಫಸಲಿ, ಬೆಲೆ ಏಳುನೂರು ರೂಪಾಯಿ ಸಿಕ್ಕಾ ಹಾಲಿ.

ಹೈದರಾಬಾದ್ ಸಂಸ್ಥಾನ ಗೊತ್ತಿಲ್ಲದ ಗೆಳೆಯರಿಗೆ ಸ್ವಲ್ಪ ಹೇಳಬೇಕು. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ, ಅಂದರೆ 1936-37. ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರು ಆಗುತ್ತಿದ್ದರಿಂದ ಎರಡು ಇಸವಿ ಬರೆಯಬೇಕು. ಹಾಲಿ ಅಂದರೆ ನಿಜಾಮನ ಸ್ವಂತ ನಾಣ್ಯ. ಬ್ರಿಟಿಷ್ ರೂಪಾಯಿಗೆ ನಮ್ಮ ಕಡೆ ಕಲದಾರ ಅಂತಿದ್ದರು. ಏಳು ಹಾಲಿಗೆ ಆರು ಕಲದಾರ, ಹೆಚ್ಚು ಕಡಿಮೆ ಇದೇ ಲೆಕ್ಕ. ಮುತ್ಯಾ ಕೊಟ್ಟದ್ದು ಆರುನೂರು ಕಲದಾರದಷ್ಟಾಯಿತು. ಆಗ ಕಚೇರಿ, ಶಾಲೆ ಎಲ್ಲ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕತೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು.

ನನಗೆ ಸೋಜಿಗ ಅನ್ನಿಸಿದ್ದು ಬೇರೆ. ಆ ಕಾಗದದಲ್ಲಿ ಮನೆಯ ಅಳತೆಯೇ ಇಲ್ಲ! ಚೌಹದ್ದಿ ಮಾತ್ರ ಇದೆ: ಮೂಡಲಿಗೆ ರಸ್ತೆ, ಪಡುವಲಿಗೆ ಇಂಥವರ ಹಿತ್ತಲು... ಬೆಲೆ ಅಂದರೆ ಕೊಡುವವನು, ಕೊಳ್ಳುವವನು ಕೂತು ಒಪ್ಪಿದ್ದು, ಅಷ್ಟೇ. ಮಾರದ ಮನೆಗೆ ಮೂರನೆಯವನು ಬಂದು ಬೆಲೆ ಕಟ್ಟುವುದು ಯಾವಾಗ? ಸರ್ಕಾರ ಅದನ್ನು ಕಿತ್ತುಕೊಳ್ಳುವಾಗ, ಇಲ್ಲವೆ ತೆರಿಗೆ ಹಾಕುವಾಗ. ಕಿತ್ತುಕೊಳ್ಳಲಿಕ್ಕೆ ಬ್ರಿಟಿಷ್ ಇಂಡಿಯಾದಲ್ಲಿ 1894ರ ಭೂಸ್ವಾಧೀನ ಕಾಯ್ದೆ ಬಂತು, ನಿಜಾಮನ ಸೀಮೆಯಲ್ಲಿ 1309 ಫಸಲಿಯದು. ತೆರಿಗೆಗೆ 1957ರ ಸಂಪತ್ತು ತೆರಿಗೆ ಕಾಯ್ದೆ. ಅದಕ್ಕೆ 1972ರಲ್ಲಿ ತಿದ್ದುಪಡಿ ಆಗಿ 'ರಿಜಿಸ್ಟರ್ಡ್ ವ್ಯಾಲ್ಯುಯರ್' ಅನ್ನುವ ಮನುಷ್ಯ ಕಾನೂನಿನೊಳಗೆ ಬಂದ. ಆ ತೆರಿಗೆ 2015ರ ಬಜೆಟ್ಟಿನಲ್ಲಿ ಹೋಯಿತು. ಆದರೆ ಬ್ಯಾಂಕುಗಳ ಪುಣ್ಯದಿಂದ ಕಸುಬು ಉಳಿದಿದೆ.

ವಾರದ ಮೇಲೆ ವರದಿ ಬಂತು. ಅದರ ಲೆಕ್ಕ ಸರಳ. ಜಾಗಕ್ಕೆ ಅಕ್ಕಪಕ್ಕ ಮಾರಾಟವಾದ ಪ್ಲಾಟುಗಳ ದರ ನೋಡಿ ಒಂದು ಬೆಲೆ. ಕಟ್ಟಡಕ್ಕೆ, ಇವತ್ತು ಕಟ್ಟಿದರೆ ಚದರಡಿಗೆ ಎಷ್ಟಾಗುತ್ತದೋ ಅದನ್ನು ವಿಸ್ತೀರ್ಣಕ್ಕೆ ಗುಣಿಸಿ, ವಯಸ್ಸಾದಷ್ಟು ಸವಕಳಿ ಕಳೆಯುವುದು. ಬಾಡಿಗೆ ಬರುವ ಮನೆಯಾದರೆ ವರ್ಷದ ಬಾಡಿಗೆಯನ್ನು ಇಷ್ಟು ವರ್ಷದ್ದು ಅಂತ ಗುಣಿಸುವ ಇನ್ನೊಂದು ದಾರಿಯೂ ಇದೆ, ನಮಗೆ ಅದು ಬೇಕಾಗಲಿಲ್ಲ. ಸಿಮೆಂಟ್ ಕಾಂಕ್ರೀಟಿಗೆ ಆಯುಷ್ಯ ಹೆಚ್ಚು ಹಿಡಿಯುತ್ತಾರೆ, ಮಣ್ಣಿನ ಗೋಡೆಗೆ ಕಡಿಮೆ. ಮುತ್ಯಾನ ಮಣ್ಣಿನ ಮಾಳಿಗೆಗೆ ಸುಮಾರು ತೊಂಬತ್ತು ವರ್ಷ. ಕಾಗದದ ಪ್ರಕಾರ ಅದು ಯಾವಾಗಲೋ ಸತ್ತಿದೆ! ಉಳಿದದ್ದು ಕೆಡವಿದರೆ ಸಿಗುವ ಸಾಗವಾನಿ ಕಂಬ, ತೊಲೆಗಳ ಬೆಲೆ, ನೂರಕ್ಕೆ ಹತ್ತು.

"ಗ್ವಾಡಿಗಿ ಸೊನ್ನಿ ಹಾಕ್ಯಾರ ನೋಡು ತಮ್ಮಾ" ಅಂದ ಅಣ್ಣ. ನಗುತ್ತಲೇ ಅಂದ, ಆದರೆ ನನಗೆ ಚುರುಕ್ ಅಂತು. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿಸಿದವನು ಅವನು. ಎರಡು ತೊಲೆ ಬದಲಾಯಿಸಿದವನೂ ಅವನೇ. ನಾನು ಹಬ್ಬಕ್ಕೆ ಬಂದು ಉಂಡು ಹೋದವನು. ವರದಿಯಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ.

ಅವತ್ತು ರಾತ್ರಿ ಅತ್ತಿಯ ಮಾತು ಬಂತು, ಅಪ್ಪನ ಅಕ್ಕ. ಅವರ ಮನೆ ಒಂದು ಜಲಾಶಯದ ನೀರಿಗೆ ಹೋಯಿತು, ಯಾವುದು ಅಂತ ಹೇಳೋದು ಬೇಡ. ನಮ್ಮ ತಾಲ್ಲೂಕಿನವರಿಗೆ ಮುಳುಗಡೆ ಅಂದರೆ ಮೊದಲು ನೆನಪಾಗುವುದು ಕಾರಂಜಾ. ಮಾಂಜ್ರಾ ಸೇರುವ ಆ ನದಿಗೆ ಬ್ಯಾಲಹಳ್ಳಿಯ ಹತ್ತಿರ ಕಟ್ಟಿದ ಅಣೆಕಟ್ಟು. ಕೆಲಸ ಶುರುವಾದದ್ದು 1970ರ ದಶಕದಲ್ಲಿ, ಪರಿಹಾರಕ್ಕಾಗಿ ಸಂತ್ರಸ್ತರ ಧರಣಿ ಬೀದರಿನಲ್ಲಿ 2020ರ ದಶಕದಲ್ಲೂ ನಡೆದಿದೆ. ಹಳೆಯ ಕಾಯ್ದೆಯಲ್ಲಿ ಅಧಿಸೂಚನೆ ಹೊರಟ ದಿನದ ಮಾರುಕಟ್ಟೆ ಬೆಲೆ, ಅದರ ಮೇಲೆ ಸಮಾಧಾನದ ಹಣ ನೂರಕ್ಕೆ 15. 1984ರಲ್ಲಿ ಅದು 30 ಆಯಿತು. 2014ರ ಜನವರಿಯಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ನೂರಕ್ಕೆ ನೂರು. ಮೊದಲೇ ಮುಳುಗಿದವರಿಗೆ ಅದರಿಂದೇನು?

ಇನ್ನೊಂದು ಸೂಕ್ಷ್ಮ ಇತ್ತು. ಹಣ ತಗೊಳ್ಳುವಾಗ 'ಆಕ್ಷೇಪಣೆಯೊಂದಿಗೆ' ಅಂತ ತಗೊಂಡರೆ ಮಾತ್ರ ಹೆಚ್ಚಿನ ಬೆಲೆಗೆ ಸಿವಿಲ್ ಕೋರ್ಟಿಗೆ ಕಳಿಸಿ ಅಂತ ಕೇಳಬಹುದಿತ್ತು. ಸುಮ್ಮನೆ ತಗೊಂಡರೆ ಮುಗೀತು. ಅತ್ತಿ ಹೆಬ್ಬೆಟ್ಟು ಒತ್ತಿ ತಗೊಂಡಿದ್ದರು. ಪಕ್ಕದ ಮನೆಯವರು ಆ ಎರಡು ಶಬ್ದ ಬರೆಸಿ, ಕೋರ್ಟಿಗೆ ಹೋಗಿ ಹೆಚ್ಚು ಪಡೆದರು. ಗೋಡೆಗೆ ಗೋಡೆ ಹತ್ತಿದ ಮನೆಗಳು!

ಕೋರ್ಟಿಗೆ ಹೋದವರಿಗೂ ಸಲೀಸಾಗಿರಲಿಲ್ಲ. ಕೋರ್ಟು ನೋಡುವುದು ಸುತ್ತಲಿನ ಮಾರಾಟದ ಕಾಗದ. ನಮ್ಮ ಜನ ಸ್ಟಾಂಪಿನ ದುಡ್ಡು ಉಳಿಸಲು ಹತ್ತಕ್ಕೆ ಕೊಂಡು ನಾಲ್ಕು ಅಂತ ಬರೆಸುವವರು. ಆ ನಾಲ್ಕೇ ಊರಿನ ಬೆಲೆ ಆಗಿ ಕೂರುತ್ತದೆ. ಸ್ಟಾಂಪಿಗಾಗಿ ಸರ್ಕಾರವೇ ಬರೆದಿಟ್ಟ ದರಪಟ್ಟಿ ಇದೆಯಲ್ಲ ಅನ್ನುತ್ತೀರಾ? ಅಂಥ ಪಟ್ಟಿ ಮಾರುಕಟ್ಟೆ ಬೆಲೆಗೆ ಸಾಕ್ಷಿ ಅಲ್ಲ ಅಂತ ಸುಪ್ರೀಂ ಕೋರ್ಟು 1994ರಲ್ಲಿ ಹೇಳಿಬಿಟ್ಟಿದೆ. ಆ ಪ್ರಕರಣ ಬಂದದ್ದು ಆದಿಲಾಬಾದಿನಿಂದ, ಅದೂ ನಮ್ಮ ಹಾಗೆ ಹಳೇ ನಿಜಾಮನ ಸೀಮೆಯೇ.

ಬೆಳಿಗ್ಗೆ ನಾನೇ ಮಾತು ತೆಗೆದೆ. ಜಾಗದ ಬೆಲೆ ವರದಿಯಲ್ಲಿದ್ದಷ್ಟು ಹಿಡಿಯೋಣ, ಅಣ್ಣ ಮಾಳಿಗೆಗೆ, ತೊಲೆಗೆ ಹಾಕಿದ್ದನ್ನು ಮೊದಲು ಕಳೆಯೋಣ, ಉಳಿದದ್ದರಲ್ಲಿ ಅರ್ಧ ನನ್ನದು. ಅಣ್ಣ ಬೇಡ ಅಂದ, ಅತ್ತಿಗೆ ಸುಮ್ಮನಿದ್ದರು. ಎರಡು ಸಲ ಚಹಾ ಆದ ಮೇಲೆ ಒಪ್ಪಿದ.

ಕಚೇರಿ ಮುಂದೆ ಬಾಂಡ್ ರೈಟರ್ ಹತ್ತಿರ ಹೋದೆವು. ಅವನು ಹೆಸರು, ವಯಸ್ಸು, ಚೌಹದ್ದಿ, ಈ ಸಲ ಅಳತೆ ಕೂಡ, ಎಲ್ಲ ತುಂಬಿ, ತಲೆ ಎತ್ತಿ ಕೇಳಿದ: "ರೊಕ್ಕಾ ಎಷ್ಟಂತ ಬರೀಲ್ರಿ?"

ಅಣ್ಣ ನನ್ನ ಮುಖ ನೋಡಿದ. "ಕೊಟ್ಟಷ್ಟೇ ಬರೀರಿ" ಅಂದ.