ಬಂಜೆತನ

ಗರ್ಭನಿರೋಧಕ ಬಳಸದೆ ಒಂದು ವರ್ಷ ನಿಯಮಿತವಾಗಿ ಕೂಡಿದರೂ ಗರ್ಭ ನಿಲ್ಲದಿದ್ದರೆ ವೈದ್ಯರು ಅದನ್ನು ಬಂಜೆತನವೆಂದು ಪರಿಗಣಿಸುತ್ತಾರೆ. ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳಿಗೇ ತಪಾಸಣೆ ಶುರುವಾಗುತ್ತದೆ. ಒಂದು ಮಗುವಾದ ಮೇಲೆ ಮತ್ತೆ ಬಸಿರಾಗದಿರುವುದೂ ಇದರಲ್ಲೇ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಅಂದಾಜಿನಂತೆ ಆರು ವಯಸ್ಕರಲ್ಲಿ ಸುಮಾರು ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಈ ತೊಂದರೆ ಎದುರಾಗುತ್ತದೆ.

ಕಾರಣ ಹೆಣ್ಣಿನಲ್ಲಿರಬಹುದು, ಗಂಡಿನಲ್ಲಿರಬಹುದು, ಇಬ್ಬರಲ್ಲೂ ಇರಬಹುದು. ಎಲ್ಲ ಪರೀಕ್ಷೆ ಮುಗಿದರೂ ಸಿಗದೆ ಹೋಗಬಹುದು. ಆದರೂ ನಮ್ಮಲ್ಲಿ ಅಶ್ವತ್ಥಕಟ್ಟೆ ಸುತ್ತುವವಳೂ ಸ್ಕ್ಯಾನಿಂಗಿಗೆ ಕಾಯುವವಳೂ ಹೆಂಡತಿಯೇ. ಎಲ್ಲಕ್ಕಿಂತ ಸುಲಭವೂ ಅಗ್ಗವೂ ಆದ ವೀರ್ಯಪರೀಕ್ಷೆಯ ಸರದಿ ಎಷ್ಟೋ ಮನೆಗಳಲ್ಲಿ ಬರುವುದು ಕೊನೆಗೆ. ಮೊದಲು ಆಗಬೇಕಾದದ್ದೇ ಅದು.

ಈ ಪರೀಕ್ಷೆಗೆ ಎರಡರಿಂದ ಏಳು ದಿನ ಸ್ಖಲನವಿಲ್ಲದೆ ಇದ್ದು ಮಾದರಿ ಕೊಡಬೇಕು. ಮಂದವಾಗಿದ್ದ ವೀರ್ಯ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತೆಳುವಾಗುತ್ತದೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳ ಎಣಿಕೆ, ಚಲನೆ, ಆಕಾರ ನೋಡುತ್ತಾರೆ. ಮಿಲಿಲೀಟರಿಗೆ 1.6 ಕೋಟಿ ಎಂಬುದು ಈಗಿನ ಕೆಳಮಿತಿ. ಅದಕ್ಕಿಂತ ಕಡಿಮೆಯಿದ್ದವರಿಗೂ ಮಕ್ಕಳಾದದ್ದುಂಟು. ವೀರ್ಯಾಣು ಬೆಳೆಯಲು ಸುಮಾರು ಎರಡೂವರೆ ತಿಂಗಳು ಬೇಕು. ಹಿಂದೆ ಬಂದು ಹೋದ ಜ್ವರ ಇಂದಿನ ವರದಿಯನ್ನು ಕೆಡಿಸಿರಬಹುದು. ಹಾಗಾಗಿ ಒಂದೇ ವರದಿ ನೋಡಿ ತೀರ್ಮಾನಿಸುವಂತಿಲ್ಲ. ವೃಷಣದ ರಕ್ತನಾಳಗಳು ಉಬ್ಬಿಕೊಳ್ಳುವುದು, ಹರೆಯ ಬಂದ ಮೇಲೆ ತಗಲಿದ ಮಂಗನಬಾವು, ತಂಬಾಕು, ಮೈಕಟ್ಟಿಗಾಗಿ ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟಿರಾನ್ ಎಲ್ಲವೂ ವೀರ್ಯಾಣುವನ್ನು ಕುಗ್ಗಿಸಬಲ್ಲವು.

ಹೆಂಗಸರಲ್ಲಿ ಹಾರ್ಮೋನುಗಳ ಏರುಪೇರಾದ ಪಿಸಿಓಎಸ್‌ನಿಂದ ಅಂಡ ಬಿಡುಗಡೆ ತಪ್ಪುವುದು ಸಾಮಾನ್ಯ. ಥೈರಾಯ್ಡ್ ದೋಷ, ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೋಮೆಟ್ರಿಯೋಸಿಸ್ ಕೂಡ ಕಾರಣಗಳು. ಭಾರತದಲ್ಲಿ ಮರೆಯಬಾರದ ಇನ್ನೊಂದು ಕಾರಣ ಕ್ಷಯ: ಕೆಮ್ಮೇ ಇಲ್ಲದೆ ಗರ್ಭನಾಳಕ್ಕೆ ಹತ್ತಿ ಅದನ್ನು ಮುಚ್ಚಿಬಿಡಬಲ್ಲದು. ನಾಳ ತೆರೆದಿದೆಯೇ ಎಂದು ತಿಳಿಯಲು ಗರ್ಭಕೋಶಕ್ಕೆ ಕ್ಷ-ಕಿರಣಕ್ಕೆ ಕಾಣುವ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ.

ಚಿಕಿತ್ಸೆ ಕಾರಣವನ್ನು ಅವಲಂಬಿಸಿದೆ. ಪಿಸಿಓಎಸ್ ಇದ್ದವರಿಗೆ ತೂಕ ಇಳಿಕೆ, ಲೆಟ್ರೊಜೋಲ್ ಮಾತ್ರೆಗಳೇ ಎಷ್ಟೋ ವೇಳೆ ಸಾಕು. ತೊಳೆದ ವೀರ್ಯಾಣುವನ್ನು ಗರ್ಭಕೋಶಕ್ಕೆ ಸೇರಿಸುವುದು ಐಯುಐ. ಅಂಡ ಹೊರತೆಗೆದು ಪ್ರಯೋಗಾಲಯದಲ್ಲಿ ಫಲಗೊಳಿಸುವುದು ಐವಿಎಫ್. ವೀರ್ಯಾಣು ತೀರಾ ಕಡಿಮೆಯಿದ್ದರೆ ಒಂದನ್ನೇ ಆರಿಸಿ ಅಂಡದೊಳಕ್ಕೆ ಚುಚ್ಚುವ ಇಕ್ಸಿ ಇದೆ. ವಯಸ್ಸಾದ ಅಂಡವನ್ನು ಎಳೆಯದಾಗಿಸುವ ವಿಧಾನ ಮಾತ್ರ ಯಾವುದೂ ಇಲ್ಲ. ಜಾಹೀರಾತುಗಳು ಇದನ್ನು ಹೇಳುವುದಿಲ್ಲ.

ಐವಿಎಫ್‌ನಿಂದಾದ ಜಗತ್ತಿನ ಮೊದಲ ಪ್ರನಾಳ ಶಿಶು 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಹುಟ್ಟಿತು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಇನ್ನೊಂದು ಹುಟ್ಟಿತು. ಸರ್ಕಾರಿ ಸಮಿತಿ ಅದನ್ನು ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಮನ್ನಣೆ ಬಂದದ್ದು ಎಷ್ಟೋ ವರ್ಷಗಳ ನಂತರ. 2021ರ ಭಾರತೀಯ ಕಾಯ್ದೆಯ ಪ್ರಕಾರ ಐವಿಎಫ್‌ನಂಥ ಚಿಕಿತ್ಸೆಗೆ ಹೆಣ್ಣಿನ ವಯೋಮಿತಿ 50, ಗಂಡಿನದು 55. ಅಂಡದಾನವನ್ನು ಒಬ್ಬ ಮಹಿಳೆ ಜೀವನದಲ್ಲಿ ಒಮ್ಮೆ ಮಾತ್ರ ಮಾಡಬಹುದು.