ಹಸ್ತಚಿಕಿತ್ಸೆಯ ಸಾಧನಗಳು: ಉಳಿಯಿಂದ ಸ್ಪರ್ಶಫಲಕದವರೆಗೆ

ಬಲಗುಂದಿದ ಕೈಗೆ ಚಳಕವನ್ನು ಮರಳಿ ಕಲಿಸಲು ಟಚ್‌ಸ್ಕ್ರೀನ್ ಎಂಬ ಸ್ಪರ್ಶಫಲಕದ ಆಟಗಳನ್ನು ಬಳಸುವ ಪದ್ಧತಿ ಈಚಿನದು. ಆದರೆ ಕೈ ಬರಿಯ ಚಲನೆಯಿಂದ ಕಲಿಯುವುದೋ, ಕೆಲಸದಿಂದ ಕಲಿಯುವುದೋ ಎಂಬ ಪ್ರಶ್ನೆ ಹಳೆಯದು. ಅದನ್ನು ಇತಿಹಾಸದ ಬೆಳಕಿನಲ್ಲಿ ವಿಚಾರಿಸುವುದು ನಮ್ಮ ಉದ್ದೇಶ.

1917ರಲ್ಲಿ ಅಮೆರಿಕದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ವೃತ್ತಿಚಿಕಿತ್ಸೆಯ ರಾಷ್ಟ್ರೀಯ ಸಂಘವು ಸ್ಥಾಪಿತವಾದಾಗ ನೇಯ್ಗೆ, ಬುಟ್ಟಿ ಹೆಣಿಗೆ, ಮರಗೆಲಸಗಳೇ ಚಿಕಿತ್ಸೆಯ ಸಾಧನಗಳಾಗಿದ್ದವು. ಭಾರತದಲ್ಲಿ ಈ ವಿದ್ಯೆಯ ಶಾಲೆಯನ್ನು 1950ರಲ್ಲಿ ಮುಂಬಯಿಯಲ್ಲಿ ಆರಂಭಿಸಿದವರು ಕಮಲಾ ನಿಂಬಕರ್.

ನಮ್ಮ ಪ್ರಶ್ನೆಗೆ ಹೆಚ್ಚಿನ ಬೆಳಕು ದೊರೆಯುವುದು ವೆಲ್ಲೂರಿನಿಂದ. ಅಲ್ಲಿಯ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಪಾಲ್ ಬ್ರಾಂಡ್ ಅವರು 1948ರಿಂದ ಮೊದಲ್ಗೊಂಡು, ಕುಷ್ಠರೋಗದಿಂದ ಬೆರಳು ಮುರುಟಿದ ಕೈಗಳಲ್ಲಿ ಸ್ನಾಯುರಜ್ಜುಗಳನ್ನು ಸ್ಥಳಾಂತರಿಸುವ ಶಸ್ತ್ರಕ್ರಿಯೆಯನ್ನು ಕೈಗೊಂಡರು. ಒಂದು ಕಾರ್ಯಕ್ಕೆ ಒಗ್ಗಿದ್ದ ಸ್ನಾಯು ಬೇರೊಂದು ಕಾರ್ಯವನ್ನು ಅಭ್ಯಾಸದಿಂದಲೇ ಕಲಿಯಬೇಕಾಗಿತ್ತು. ಬೆರಳು ನೆಟ್ಟಗಾದ ಮಾತ್ರಕ್ಕೆ ಜೀವನ ನೆಟ್ಟಗಾಗಲಿಲ್ಲ. ಆದುದರಿಂದ ನವಜೀವನ ಕೇಂದ್ರದಲ್ಲಿ ರೋಗಿಗಳು ಮರಗೆಲಸವನ್ನು ಕಲಿತು ಆಟಿಕೆಗಳನ್ನು ತಯಾರಿಸಿದರು. ಸ್ಪರ್ಶಜ್ಞಾನ ಅಳಿದ ಕೈಗೆ ಹಿಡಿತದ ಅಳತೆ ತಿಳಿಯದು; ಉಪಕರಣವನ್ನು ಬಿಗಿಯಾಗಿ ಹಿಡಿದು ಗಾಯವಾದರೂ ನೋವಿನ ಎಚ್ಚರಿಕೆ ಇರದು. ಈ ಅಪಾಯ ಗೋಚರವಾದುದು ಕೆಲಸದ ನಡುವೆಯೇ. ಕೈಗಳನ್ನು ಕಣ್ಣಿನಿಂದ ಪರೀಕ್ಷಿಸಿಕೊಳ್ಳುವುದು, ಹಿಡಿಗಳನ್ನು ಮಾರ್ಪಡಿಸುವುದು ಚಿಕಿತ್ಸೆಯ ಅಂಗವಾದವು.

ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ ಇ. ಎ. ಜಾನ್ಸನ್ ಅವರು 1965ರಲ್ಲಿ ವಿವರಿಸಿದ ಸ್ಪರ್ಶಫಲಕವು ವಾಯುಸಂಚಾರ ನಿಯಂತ್ರಣದಂತಹ ಕಾರ್ಯಕ್ಕೆ ಉದ್ದೇಶಿತವಾಗಿತ್ತು. 2010ರಲ್ಲಿ ಐಪ್ಯಾಡ್ ಬಂದ ತರುವಾಯ ಅಗಲವಾದ ಫಲಕ ಮನೆಮನೆಗೂ ಸೇರಿತು. ಡೆಕ್ಸ್‌ಟೀರಿಯಾದಂತಹ ಆ್ಯಪ್‌ಗಳು ಹುಟ್ಟಿದವು. ಅದರಲ್ಲಿ ರೋಗಿಯು ತೆರೆಯ ಮೇಲಿನ ಏಡಿಗಳನ್ನು ಹೆಬ್ಬೆರಳು, ತೋರುಬೆರಳುಗಳಿಂದ ಚಿವುಟುತ್ತಾನೆ, ಅಕ್ಷರಗಳನ್ನು ತಿದ್ದುತ್ತಾನೆ. ಇಂತಹ ಫಲಕವು ಬೆರಳಿನ ವಿದ್ಯುದ್ಗುಣವನ್ನು ಗುರುತಿಸುವುದರಿಂದ ಒತ್ತಡ ಬೇಕಿಲ್ಲ. ತೀರ ದುರ್ಬಲವಾದ ಬೆರಳಿಗೂ ಫಲ ಕೂಡಲೇ ಕಾಣುತ್ತದೆ. ಬೇಸರವಿಲ್ಲದೆ ಅಭ್ಯಾಸ ಸಾಗುತ್ತದೆ. ಇದು ಸಾಮಾನ್ಯವಾದ ಉಪಕಾರವಲ್ಲ.

ಆದರೆ ಈ ಗುಣವೇ ಅದರ ಮಿತಿಯೂ ಹೌದು. ಗಾಜಿನ ಮೇಲೆ ಚಿವುಟುವ ಬೆರಳುಗಳ ನಡುವೆ ಯಾವ ವಸ್ತುವೂ ಇಲ್ಲ. ಗುಂಡಿಯ ಅಂಚು, ನಾಣ್ಯದ ದಪ್ಪ, ಉಳಿಯ ಭಾರಗಳನ್ನು ಅದು ಕಲಿಸಲಾರದು. ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬ ವೆಲ್ಲೂರಿನ ಪಾಠವೂ ಅಲ್ಲಿ ದೊರೆಯದು. ಆದಕಾರಣ ಸ್ಪರ್ಶಫಲಕವು ಅಭ್ಯಾಸದ ಮೊದಲ ಮೆಟ್ಟಿಲಾಗಿ, ಜೇಡಿ, ನೂಲು, ಮರಗಳ ಜೊತೆಯಲ್ಲಿ ಇರತಕ್ಕದ್ದೆಂದೂ, ಅವುಗಳ ಸ್ಥಾನವನ್ನು ಆಕ್ರಮಿಸತಕ್ಕದ್ದಲ್ಲವೆಂದೂ ನಾವು ಭಾವಿಸುತ್ತೇವೆ.